ಒಳಕ್ಕೆ ಸೋರುವ ಗಾಳಿ

ಕಾರಿನ ಚಾಲಕನು ತನ್ನ ಬಾಗಿಲಿನ ಬೀಗದಲ್ಲಿ ಕೀಲಿಕೈಯನ್ನು ಒಮ್ಮೆ ತಿರುವಿದನೆಂದರೆ ಉಳಿದ ಮೂರು ಬಾಗಿಲುಗಳೂ, ಹಿಂದಿನ ಡಿಕ್ಕಿಯೂ, ಎಣ್ಣೆ ತುಂಬುವ ಬಾಯಿಯ ಮುಚ್ಚಳವೂ ತಾವಾಗಿಯೇ ಬೀಗ ಹಾಕಿಕೊಳ್ಳುವ ಏರ್ಪಾಡನ್ನು ವಾಚಕರೆಲ್ಲರೂ ನೋಡಿರಬಹುದು. ಇಂದಿನ ಕಾರುಗಳಲ್ಲಿ ಈ ಕೆಲಸವನ್ನು ಪ್ರತಿಯೊಂದು ಬಾಗಿಲಿನೊಳಗೂ ಅಡಗಿರುವ ಒಂದೊಂದು ಪುಟ್ಟ ವಿದ್ಯುತ್ ಮೋಟಾರು ಮಾಡುತ್ತದೆ. ಆದರೆ ನಲವತ್ತು ಐವತ್ತು ವರ್ಷಗಳ ಹಿಂದಿನ ಕೆಲವು ಜರ್ಮನ್ ಕಾರುಗಳಲ್ಲಿ, ಮುಖ್ಯವಾಗಿ ೧೯೭೬ರಿಂದ ಸುಮಾರು ಹತ್ತು ವರ್ಷ ತಯಾರಾದ ಮರ್ಸಿಡಿಸ್ ಬೆಂಜ್ ‘ಡಬ್ಲ್ಯು ೧೨೩’ ಮಾದರಿಯಲ್ಲಿ, ಈ ಕೆಲಸಕ್ಕಾಗಿ ಬಾಗಿಲುಗಳಿಗೆ ಹೋಗುವುದು ವಿದ್ಯುತ್ ತಂತಿಯಲ್ಲ. ಪೆನ್ಸಿಲಿಗಿಂತಲೂ ಸಣ್ಣನೆಯ, ಹಳದಿ ಬಣ್ಣದ ಕೊಳವೆ. ಆ ಕೊಳವೆಯೊಳಗೆ ಹರಿಯುವುದೇನು ಎಂದು ಯಾರಾದರೂ ಕೇಳಿದರೆ, ಏನೂ ಹರಿಯುವುದಿಲ್ಲ, ಇದ್ದ ಗಾಳಿಯನ್ನು ಆದಷ್ಟು ಹೊರಗೆ ತೆಗೆದಿದ್ದಾರೆ ಎಂದು ಹೇಳಬೇಕಾಗುತ್ತದೆ. ಬಾಗಿಲಿಗೆ ಬೀಗ ಹಾಕುವುದು ನಿರ್ವಾತ. ಗ್ಯಾರೇಜಿನವರ ಮಾತಿನಲ್ಲಿ ‘ವ್ಯಾಕ್ಯೂಮ್’.

ಇಂತಹ ಒಂದು ಡೀಸೆಲ್ ಕಾರು ಎರಡನೆಯ ಮೂರನೆಯ ಕೈ ದಾಟಿ, ಘಟ್ಟ ಹತ್ತಿ, ಶಿರಸಿಯ ಒಂದು ಗ್ಯಾರೇಜಿಗೆ ಬಂದಿತೆಂದು ಭಾವಿಸೋಣ. ಕಾರಿನೊಡೆಯನ ದೂರು ಹೀಗಿದೆ. ಕಾರು ನಿಲ್ಲಿಸಿದೊಡನೆ ಕೀಲಿ ತಿರುವಿದರೆ ಎಲ್ಲ ಬೀಗಗಳೂ ಸರಿಯಾಗಿ ಬೀಳುತ್ತವೆ. ಊಟ ಮುಗಿಸಿ ಬಂದು ತಿರುವಿದರೆ ಹಿಂದಿನ ಎಡಬಾಗಿಲು ಮಾತ್ರ ಅಲುಗದು. ಮರುದಿನ ಬೆಳಿಗ್ಗೆ ಯಾವುದೂ ಅಲುಗದು. ಇದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿಯೆಂದರೆ, ಈಚೆಗೆ ಕೀಲಿಯನ್ನು ತಿರುಗಿಸಿ ಕೈಗೆ ತೆಗೆದುಕೊಂಡರೂ ಎಂಜಿನು ನಿಲ್ಲದೆ ಗುಡುಗುಡು ಎನ್ನುತ್ತಲೇ ಇರುತ್ತದೆ. ಬಾಗಿಲಿನ ಬೀಗಕ್ಕೂ ಎಂಜಿನು ನಿಲ್ಲದಿರುವುದಕ್ಕೂ ಏನು ಸಂಬಂಧ? ಎಡಬಾಗಿಲಿನ ಬೀಗವನ್ನು ಬದಲಿಸಿದರೆ ಸಾಲದೆ? ಸಾಲದು. ಏಕೆಂಬುದನ್ನು ವಿವರಿಸುವುದೇ ಈ ಲೇಖನದ ಕೆಲಸ.

ಮೊದಲು ಒಂದು ಮಾತಿನ ವಿಚಾರ. ಕೊಡ ಸೋರುತ್ತದೆ ಎಂದಾಗ ಒಳಗಿನ ನೀರು ಹೊರಗೆ ಬರುತ್ತದೆ. ಮಾಡು ಸೋರುತ್ತದೆ ಎಂದಾಗ ಹೊರಗಿನ ನೀರು ಒಳಗೆ ಬರುತ್ತದೆ. ಎರಡಕ್ಕೂ ನಾವು ಒಂದೇ ಕ್ರಿಯಾಪದವನ್ನು ಬಳಸುತ್ತೇವೆ. ನಿರ್ವಾತದ ಸೋರಿಕೆ ಕೊಡದ ಜಾತಿಯದಲ್ಲ, ಮಾಡಿನ ಜಾತಿಯದು. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಶಿರಸಿ ಸೀಮೆಯಲ್ಲಿ ಹಂಚಿನ ಮನೆಯಲ್ಲಿ ಬೆಳೆದವರಿಗೆ ಇನ್ನೊಂದು ವಿಷಯವೂ ಗೊತ್ತು: ಹಂಚು ಒಡೆದಿರುವ ಜಾಗ ಒಂದು, ನೀರು ತೊಟ್ಟಿಕ್ಕುವ ಜಾಗ ಇನ್ನೊಂದು. ಒಡಕಿನಿಂದ ಇಳಿದ ನೀರು ರೀಪು ಪಕಾಸುಗಳ ಗುಂಟ ಹರಿದು ಎಲ್ಲಿ ತಡೆಯುಂಟೋ ಅಲ್ಲಿ ಕೆಳಗೆ ಬೀಳುತ್ತದೆ. ಪಾತ್ರೆಯಿಟ್ಟ ಜಾಗದ ನೇರಕ್ಕೆ ಏಣಿ ಹಾಕಿ ಹತ್ತಿದವನಿಗೆ ಅಲ್ಲಿ ಗಟ್ಟಿಯಾದ ಹಂಚುಗಳೇ ಸಿಕ್ಕುತ್ತವೆ. ನಮ್ಮ ಕಾರಿನ ಹಿಂದಿನ ಎಡಬಾಗಿಲು ಹೀಗೆ ಪಾತ್ರೆಯಿಟ್ಟ ಜಾಗವಾಗಿರಬಹುದು.

ನಿರ್ವಾತವು ‘ಎಳೆಯುತ್ತದೆ’ ಎನ್ನುವುದು ರೂಢಿಯ ಮಾತು. ವಾಸ್ತವವಾಗಿ ಅದು ಏನನ್ನೂ ಎಳೆಯಲಾರದು. ಇದನ್ನು ನಂಬಲು ಔಷಧದ ಅಂಗಡಿಯಲ್ಲಿ ಸಿಗುವ, ಸೂಜಿಯಿಲ್ಲದ, ೨೦ ಮಿಲಿಲೀಟರಿನ ಒಂದು ಸಿರಿಂಜು ಸಾಕು. ಒತ್ತುಗೋಲನ್ನು ಪೂರ್ತಿ ಒಳಗೆ ತಳ್ಳಿ, ಮೂತಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಗೋಲನ್ನು ಹಿಂದಕ್ಕೆ ಎಳೆಯಿರಿ. ಎಳೆಯುವುದು ಕಷ್ಟವಾಗುತ್ತದೆ; ಕೈಬಿಟ್ಟರೆ ಗೋಲು ಫಟ್ಟನೆ ಹಿಂದಿರುಗುತ್ತದೆ. ಅದನ್ನು ಹಿಂದಿರುಗಿಸಿದುದು ಒಳಗಿನ ಶೂನ್ಯವಲ್ಲ, ಹೊರಗಿನ ಗಾಳಿಯ ಒತ್ತಡ. ಕುಮಟೆಯ ಕಡಲ ದಂಡೆಯಲ್ಲಿ ಈ ಒತ್ತಡ ೭೬೦ ಮಿಲಿಮೀಟರು ಎತ್ತರದ ಪಾದರಸದ ಕಂಬಕ್ಕೆ ಸಮ. ಸಮುದ್ರಮಟ್ಟಕ್ಕಿಂತ ಸುಮಾರು ೫೯೦ ಮೀಟರು ಮೇಲಿರುವ ಶಿರಸಿಯಲ್ಲಿ ಅದು ೭೦೮ ಮಿಲಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಸಿದ್ದಾಪುರ, ಯಲ್ಲಾಪುರಗಳೂ ಘಟ್ಟದ ಮೇಲಿನ ಊರುಗಳೇ ಆದುದರಿಂದ ಅಲ್ಲಿಯೂ ಹೆಚ್ಚು ಕಡಿಮೆ ಇಷ್ಟೇ. ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಇನ್ನೂ ೯೬೦ ಗ್ರಾಮಿನಷ್ಟು ಭಾರ ಉಳಿದೇ ಇರುತ್ತದೆ. ಸಿರಿಂಜಿನ ಒಳ ಅಡ್ಡಳತೆ ಎರಡು ಸೆಂಟಿಮೀಟರಿನಷ್ಟಿದ್ದರೆ ಗೋಲಿನ ಮೇಲೆ ಬೀಳುವ ಬಲ ಸುಮಾರು ಮೂರು ಕಿಲೋಗ್ರಾಮು. ಬೆರಳನ್ನು ಒಂದಿಷ್ಟೇ ಸಡಿಲಿಸಿ ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿ. ಗೋಲು ನಿಧಾನವಾಗಿ ಹಿಂದೆ ಬರುತ್ತದೆ, ಬಿಟ್ಟರೆ ಬಿಟ್ಟಲ್ಲೇ ನಿಲ್ಲುತ್ತದೆ. ಸೋರಿಕೆಯೆಂಬ ಕಾಯಿಲೆಯ ಲಕ್ಷಣಗಳೆಲ್ಲವೂ ಇಲ್ಲಿಯೇ ಇವೆ.

ನಿರ್ವಾತವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಮಾಡಲು ಹೊರಟ ಆಟೋ ಫಾನ್ ಗೆರಿಕೆ ಎಂಬಾತನಿಗೂ ಈ ಕಾಯಿಲೆ ತಪ್ಪಲಿಲ್ಲ. ಜರ್ಮನಿಯ ಮಾಗ್ಡೆಬರ್ಗ್ ಪಟ್ಟಣದ ನಗರಾಧ್ಯಕ್ಷನಾಗಿದ್ದ ಈತ ಮರದ ಪೀಪಾಯಿಯಲ್ಲಿ ನೀರು ತುಂಬಿ, ಆ ನೀರನ್ನು ಪಂಪಿನಿಂದ ಹೊರಗೆಳೆದರೆ ಒಳಗೆ ಬರಿದು ಉಳಿಯುವುದೆಂದು ಎಣಿಸಿದ. ನೀರು ಹೊರಬಂದಂತೆಲ್ಲ ಮರದ ಸಂದುಗಳಿಂದ ಗಾಳಿ ಸದ್ದು ಮಾಡುತ್ತ ಒಳನುಗ್ಗಿತು. ಪೀಪಾಯಿಯನ್ನು ನೀರು ತುಂಬಿದ ಇನ್ನೊಂದು ಪೀಪಾಯಿಯೊಳಗೆ ಇಟ್ಟು ನೋಡಿದ. ಆಗ ಗಾಳಿಯ ಬದಲು ನೀರು ನುಗ್ಗಿತು. ತಾಮ್ರದ ಗೋಳ ಮಾಡಿಸಿದರೆ ಅದು ಭಾರಿ ಸದ್ದಿನೊಡನೆ ಹಿಸುಕಿದ ಬಟ್ಟೆಯಂತೆ ಮುದುಡಿಹೋಯಿತು. ಎರಡು ಅರ್ಧಗೋಳಗಳನ್ನು ಕುದುರೆಗಳು ಎಳೆದೂ ಬೇರ್ಪಡಿಸಲಾರದ ಆತನ ಪ್ರಯೋಗ ಪಠ್ಯಪುಸ್ತಕಗಳಿಂದ ನಮಗೆಲ್ಲ ಪರಿಚಿತ. ಆದರೆ ಅದಕ್ಕೆ ಮುಂಚಿನ ಈ ಸೋರುವ ಪೀಪಾಯಿಯ ಕಥೆಯನ್ನು ಪಾಠದಲ್ಲಿ ಹೇಳುವವರು ಕಡಿಮೆ. ಗೆರಿಕೆಗೆ ಸೋರಿಕೆಯನ್ನು ತೋರಿಸಿಕೊಟ್ಟುದು ಕಣ್ಣಲ್ಲ, ಕಿವಿ ಎಂಬುದನ್ನು ಇಲ್ಲಿ ನೆನಪಿನಲ್ಲಿಟ್ಟುಕೊಳ್ಳೋಣ.

ಇನ್ನು ಕಾರಿನ ಏರ್ಪಾಡು. ಪ್ರತಿಯೊಂದು ಬಾಗಿಲಿನೊಳಗೂ ತಗಡು ಇಲ್ಲವೆ ಪ್ಲಾಸ್ಟಿಕ್ಕಿನ ಒಂದು ಸಣ್ಣ ಪೆಟ್ಟಿಗೆಯಿದೆ. ಅದರ ನಡುವೆ ಒಂದು ರಬ್ಬರಿನ ಪೊರೆ. ಪೊರೆಯ ನಡುವಿನಿಂದ ಹೊರಟ ಒಂದು ಕಡ್ಡಿ ಬೀಗದ ಸನ್ನೆಗೋಲನ್ನು ಹಿಡಿದಿದೆ. ಪೊರೆಯ ಮೇಲೊಂದು ಕೋಣೆ, ಕೆಳಗೊಂದು ಕೋಣೆ. ಒಂದೊಂದಕ್ಕೂ ಒಂದೊಂದು ಕೊಳವೆ. ಮೇಲಿನ ಕೋಣೆಯ ಗಾಳಿಯನ್ನು ತೆಗೆದರೆ ಕೆಳಗಿನ ಕೋಣೆಯಲ್ಲಿರುವ ಹೊರಗಾಳಿ ಪೊರೆಯನ್ನು ಮೇಲಕ್ಕೆ ತಳ್ಳುತ್ತದೆ; ಕೆಳಗಿನದರ ಗಾಳಿಯನ್ನು ತೆಗೆದರೆ ಪೊರೆ ಕೆಳಕ್ಕೆ. ಒಂದು ಚಲನೆ ಬೀಗ ಹಾಕಲು, ಇನ್ನೊಂದು ತೆಗೆಯಲು. ಯಾವ ಕೋಣೆಯನ್ನು ನಿರ್ವಾತಕ್ಕೆ ಜೋಡಿಸಬೇಕು, ಯಾವುದನ್ನು ಹೊರಗಾಳಿಗೆ ಬಿಡಬೇಕು ಎಂಬುದನ್ನು ನಿರ್ಧರಿಸುವುದು ಚಾಲಕನ ಬಾಗಿಲಿನಲ್ಲಿರುವ ಒಂದು ಕವಾಟ. ಕೀಲಿಕೈ ತಿರುವಿದಾಗ ತಿರುಗುವುದು ಅದೇ. ಎಂಜಿನು ನಿಂತಿರುವಾಗಲೂ ಬೀಗಗಳು ಕೆಲಸ ಮಾಡಬೇಕಷ್ಟೆ. ಅದಕ್ಕಾಗಿ ನಿರ್ವಾತವನ್ನು ಕೂಡಿಡುವ ಒಂದು ಟ್ಯಾಂಕು ಇದೆ. ಅದರ ಬಾಯಲ್ಲಿ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಕವಾಟವೂ ಇದೆ. ತೋಟದ ಬಾವಿಯಲ್ಲಿ ಪಂಪಿನ ಕೊಳವೆಯ ಬುಡಕ್ಕೆ ಕೂರಿಸುವ ಫುಟ್ ವಾಲ್ವು ಮಾಡುವ ಕೆಲಸವನ್ನೇ ಇದು ಮಾಡುತ್ತದೆ.

ಲೆಕ್ಕಕ್ಕಾಗಿ ಪೊರೆಯ ಅಡ್ಡಳತೆಯನ್ನು ೪ ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸ ೫೦೦ ಮಿಲಿಮೀಟರು ಇದ್ದರೆ ಕಡ್ಡಿಯ ಮೇಲಿನ ಬಲ ಸುಮಾರು ಎಂಟೂವರೆ ಕಿಲೋಗ್ರಾಮು. ವ್ಯತ್ಯಾಸ ೩೦೦ಕ್ಕೆ ಇಳಿದರೆ ಐದು ಕಿಲೋಗ್ರಾಮು. ಮೂರು ಬಾಗಿಲುಗಳ ಬೀಗಗಳು ಎಣ್ಣೆ ಕಂಡು ಹಗುರವಾಗಿ ಆಡುತ್ತಿವೆ, ಹಿಂದಿನ ಎಡಬಾಗಿಲಿನದು ಮಾತ್ರ ಮಳೆಗಾಲದ ತುಕ್ಕು ಹಿಡಿದು ಆರು ಕಿಲೋಗ್ರಾಮು ಬಲ ಬೇಡುತ್ತದೆ ಎಂದಾದರೆ, ೩೦೦ ಮಿಲಿಮೀಟರಿನಲ್ಲಿ ಉಳಿದವು ಆಡುತ್ತವೆ, ಅದು ಆಡುವುದಿಲ್ಲ. ಸೋರಿಕೆ ಡಿಕ್ಕಿಯಲ್ಲಿದ್ದರೂ ದೂರು ಎಡಬಾಗಿಲಿನ ಮೇಲೆ ಬರುತ್ತದೆ. ಹಂಚಿನ ಮಾಡಿನ ನ್ಯಾಯವೇ ಇದು. ಎಡಬಾಗಿಲಿನ ಪೆಟ್ಟಿಗೆಯನ್ನು ಬದಲಿಸಿ, ಹಾಗೆ ಮಾಡುವಾಗ ಬೀಗಕ್ಕೆ ಎಣ್ಣೆಯನ್ನೂ ಬಿಟ್ಟ ಮೆಕ್ಯಾನಿಕನು ಕೆಲವು ದಿನ ಗೆದ್ದಂತೆಯೇ ಕಾಣುತ್ತಾನೆ. ಸೋರಿಕೆ ಇನ್ನಷ್ಟು ಹೆಚ್ಚಿದ ಮೇಲೆ ಕಾರು ಮತ್ತೆ ಬರುತ್ತದೆ.

ಈ ನಿರ್ವಾತ ಎಲ್ಲಿಂದ ಬರುತ್ತದೆ? ಪೆಟ್ರೋಲು ಎಂಜಿನಿನಲ್ಲಿ ಇದು ಬಿಟ್ಟಿಯಾಗಿ ಸಿಗುವ ವಸ್ತು. ಸಿಲಿಂಡರುಗಳು ಗಾಳಿಯನ್ನು ಎಳೆದುಕೊಳ್ಳಲು ಹವಣಿಸುತ್ತಿರುವಾಗ ಥ್ರಾಟಲ್ ಎಂಬ ಮುಚ್ಚಳ ಅರೆಮುಚ್ಚಿರುವುದರಿಂದ ಅದರ ಹಿಂದಿನ ಕೊಳವೆಯಲ್ಲಿ ಒತ್ತಡ ತಗ್ಗುತ್ತದೆ. ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಗಾಜು ಒರೆಸುವ ವೈಪರನ್ನು ನಡೆಸುತ್ತಿದ್ದುದೂ ಇದೇ ನಿರ್ವಾತ. ಅಂತಹ ಜೀಪಿನಲ್ಲಿ ಆಷಾಢದ ಮಳೆಯಲ್ಲಿ ಕುಮಟೆಯಿಂದ ದೇವಿಮನೆ ಘಟ್ಟ ಹತ್ತುವವನ ಪಾಡನ್ನು ಊಹಿಸಿಕೊಳ್ಳಿ. ಏರು ಹತ್ತಲು ಚಾಲಕನು ಥ್ರಾಟಲನ್ನು ಪೂರ್ತಿ ತೆರೆದೊಡನೆ ಕೊಳವೆಯ ಒತ್ತಡ ಹೆಚ್ಚು ಕಡಿಮೆ ಹೊರಗಿನಷ್ಟೇ ಆಗಿ, ಮಳೆ ಜೋರಾಗಿರುವಾಗಲೇ ವೈಪರು ತೆವಳತೊಡಗುತ್ತದೆ. ಒಂದು ಕ್ಷಣ ಪಾದ ಸಡಿಲಿಸಿದರೆ ಮತ್ತೆ ಚುರುಕಾಗುತ್ತದೆ. ಇದು ಸೋರಿಕೆಯಲ್ಲ, ಆದರೆ ನಿರ್ವಾತವೆಂಬುದು ಖರ್ಚಾಗುವ, ಕೊರತೆ ಬೀಳುವ ಸಾಮಗ್ರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಆ ಕಾಲದ ಡೀಸೆಲ್ ಎಂಜಿನಿನಲ್ಲಿ ಇಂತಹ ಥ್ರಾಟಲ್ ಇಲ್ಲ. ಆದುದರಿಂದ ಎಂಜಿನಿನಿಂದಲೇ ತಿರುಗುವ ಒಂದು ಪ್ರತ್ಯೇಕ ನಿರ್ವಾತ ಪಂಪನ್ನು ಇಟ್ಟಿದ್ದಾರೆ. ಅದರಿಂದ ಹೊರಟ ದಪ್ಪ ಕೊಳವೆ ಬ್ರೇಕಿಗೆ ಬಲ ಕೊಡುವ ದೊಡ್ಡ ಡಬ್ಬಿಗೆ ಹೋಗುತ್ತದೆ; ಆ ಕೊಳವೆಯಿಂದಲೇ ಕಿರಿದಾದ ಕವಲುಗಳು ಬೀಗಗಳಿಗೂ ಇತರ ಸಾಧನಗಳಿಗೂ ಹೊರಡುತ್ತವೆ. ಈ ‘ಇತರ ಸಾಧನ’ಗಳಲ್ಲಿ ಒಂದು, ಎಂಜಿನನ್ನು ನಿಲ್ಲಿಸುವ ಪೊರೆಪೆಟ್ಟಿಗೆ. ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ವಿದ್ಯುತ್ತನ್ನು ಕಡಿದ ಮಾತ್ರಕ್ಕೆ ಅದು ನಿಲ್ಲದು, ಎಣ್ಣೆಯನ್ನೇ ತಡೆಯಬೇಕು. ಈ ಕಾರುಗಳಲ್ಲಿ ಕೀಲಿಯನ್ನು ತಿರುಗಿಸಿದಾಗ ನಿರ್ವಾತವು ಎಣ್ಣೆಯ ಪಂಪಿನ ಮೇಲಿರುವ ಒಂದು ಪೊರೆಯನ್ನು ಆಡಿಸಿ ಎಣ್ಣೆಯನ್ನು ತಡೆಯುತ್ತದೆ. ಬಾಗಿಲುಗಳ ಕಡೆ ಸೋರಿಕೆ ಹೆಚ್ಚಾಗಿ ನಿರ್ವಾತ ದುರ್ಬಲವಾದರೆ ಈ ಪೊರೆಯೂ ಸೋಲುತ್ತದೆ. ಕೀಲಿ ಕೈಯಲ್ಲಿದ್ದರೂ ಎಂಜಿನು ಓಡುತ್ತಿರುವ ಆಶ್ಚರ್ಯದ ರಹಸ್ಯ ಇಷ್ಟೇ. ಬಾನೆಟ್ಟಿನ ಕೆಳಗೆ ಕೈಯಿಂದ ಒತ್ತಿ ಎಂಜಿನು ನಿಲ್ಲಿಸುವ ಒಂದು ಸನ್ನೆಯನ್ನು ತಯಾರಕರು ಮೊದಲೇ ಇಟ್ಟಿದ್ದಾರೆ. ಈ ದಿನ ಬರಬಹುದೆಂದು ಅವರಿಗೆ ಗೊತ್ತಿತ್ತೆನ್ನಬೇಕು!

ಸೋರಿಕೆಗೆ ಕಾರಣ ಬಹುಮಟ್ಟಿಗೆ ರಬ್ಬರು. ಕೊಳವೆಗಳು ಗಟ್ಟಿ ಪ್ಲಾಸ್ಟಿಕ್ಕಿನವು. ಅವು ಬಾಗಿಲಿನ ಕೀಲುಗಳ ಬಳಿ ದಿನವೂ ಮಡಚಿ ಬಿಚ್ಚಿ ಮುರಿಯುವುದುಂಟು, ಇಲಿ ಕಡಿಯುವುದೂ ಉಂಟು. ಆದರೆ ಒಂದು ಕೊಳವೆಯನ್ನು ಇನ್ನೊಂದಕ್ಕೆ ಸೇರಿಸುವ ಬೆರಳುದ್ದದ ರಬ್ಬರು ಜೋಡಣೆಗಳು, ಪೆಟ್ಟಿಗೆಯೊಳಗಿನ ಪೊರೆಗಳು ಕಾಲಕ್ರಮದಲ್ಲಿ ಖಂಡಿತವಾಗಿ ಕೆಡುವ ವಸ್ತುಗಳು. ಗಾಳಿಯಲ್ಲಿರುವ ಆಮ್ಲಜನಕವೂ ಅತ್ಯಲ್ಪ ಪ್ರಮಾಣದ ಓಜೋನೂ ಎಳೆತಕ್ಕೊಳಗಾದ ರಬ್ಬರಿನ ಮೇಲೆ ಕೆಲಸ ಮಾಡಿ ಅದನ್ನು ಪೆಡಸು ಮಾಡಿ ಬಿರುಕು ಬಿಡಿಸುತ್ತವೆ. ಬಿಸಿಲಿನಲ್ಲಿ ನಿಂತ ಕಾರಿನ ಕಾವು ಇದನ್ನು ಚುರುಕುಗೊಳಿಸುತ್ತದೆ.

ಅಡಿಕೆ ತೋಟದ ಪಂಪು ಇದ್ದವರಿಗೆ ಇದು ಹೊಸತಲ್ಲ. ಪಂಪು ತಿರುಗುತ್ತಿದೆ, ನೀರು ಮಾತ್ರ ಬಿಟ್ಟು ಬಿಟ್ಟು ಬರುತ್ತಿದೆ. ‘ಗಾಳಿ ಎಳೆಯುತ್ತಿದೆ’ ಎನ್ನುತ್ತಾರೆ. ಪಂಪು ಓಡುತ್ತಿರುವಾಗ ಬಾವಿಯಿಂದ ಮೇಲೆ ಬರುವ ಕೊಳವೆಯೊಳಗಿನ ಒತ್ತಡ ಹೊರಗಿಗಿಂತ ಕಡಿಮೆ. ಆದುದರಿಂದ ಆ ಕೊಳವೆಯ ಸಂದಿನಲ್ಲಿ ಒಂದು ಹನಿ ನೀರೂ ಹೊರಗೆ ಕಾಣಿಸದು, ಕೈಯಿಟ್ಟರೆ ಒಣಗಿದೆ. ಆದರೂ ದೋಷ ಅಲ್ಲಿಯೇ. ಪಂಪಿನಿಂದ ಮುಂದಕ್ಕೆ ಹೋಗುವ ಕೊಳವೆಯ ಸಂದು ಸಡಿಲವಾದರೆ ಚಿಮ್ಮುವ ನೀರೇ ಅದನ್ನು ತೋರಿಸಿಕೊಡುತ್ತದೆ. ಸಂಶಯ ಬಂದ ಸಂದಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿದು ಸುತ್ತಿ, ನೀರು ಸರಿಹೋಯಿತೇ ಎಂದು ನೋಡುವ ತೋಟದ ಕ್ರಮ ಪೂರ್ತಿಯಾಗಿ ವೈಜ್ಞಾನಿಕವಾದುದು: ಒಂದು ಜಾಗವನ್ನು ಮುಚ್ಚು, ಪರಿಣಾಮವನ್ನು ನೋಡು. ಕಾರಿನಲ್ಲಿಯೂ ಮಾಡಬೇಕಾದುದು ಅದನ್ನೇ, ಅಳತೆಯೊಡನೆ.

ಬೇಕಾಗುವ ಉಪಕರಣ ಒಂದೇ: ಕೈಯಲ್ಲಿ ಹಿಡಿದು ಹಿಸುಕುವ, ಮೀಟರು ಕೂಡಿಸಿದ ನಿರ್ವಾತ ಪಂಪು. ಆ ಮೀಟರು ತೋರಿಸುವುದು ಒಳಗಿನ ಒತ್ತಡವನ್ನಲ್ಲ, ಹೊರಗಿನ ಒತ್ತಡಕ್ಕಿಂತ ಒಳಗಿನದು ಎಷ್ಟು ಕಡಿಮೆ ಎಂಬ ವ್ಯತ್ಯಾಸವನ್ನು. ಶಿರಸಿಯಲ್ಲಿ ಮೀಟರು ೫೦೦ ತೋರಿಸಿದರೆ ಒಳಗೆ ಇನ್ನೂ ೨೦೮ ಮಿಲಿಮೀಟರಿನಷ್ಟು ಗಾಳಿ ಇದೆ ಎಂದರ್ಥ. ಎಂಜಿನು ನಿಲ್ಲಿಸಿ, ಬೀಗಗಳ ಕವಲನ್ನು ದಪ್ಪ ಕೊಳವೆಯಿಂದ ಬಿಡಿಸಿ, ಅದಕ್ಕೆ ಕೈಪಂಪನ್ನು ಜೋಡಿಸಿ ೫೦೦ಕ್ಕೆ ಏರಿಸಿ, ಗಡಿಯಾರ ಹಿಡಿದು ಕೂರಬೇಕು. ಒಂದು ಎಚ್ಚರಿಕೆ: ಪಂಪು ಇರುವುದು ಟ್ಯಾಂಕಿನ ಏಕಮುಖ ಕವಾಟದ ಯಾವ ಮಗ್ಗುಲಿಗೆ ಎಂಬುದನ್ನು ನೋಡಿಕೊಳ್ಳಬೇಕು. ಎಂಜಿನಿನ ಮಗ್ಗುಲಿಗೇ ಇದ್ದರೆ ಪಂಪಿಗೂ ಕವಾಟಕ್ಕೂ ನಡುವಿನ ಜೋಡಣೆಯ ಸೋರಿಕೆಯೂ ಮೀಟರಿನಲ್ಲಿ ಒಳಗಿನ ಸೋರಿಕೆಯಂತೆಯೇ ಕಾಣುತ್ತದೆ.

ಮೀಟರು ನಿಮಿಷಕ್ಕೆ ೩೦ ಮಿಲಿಮೀಟರಿನಂತೆ ಇಳಿಯುತ್ತ ಐದು ನಿಮಿಷದಲ್ಲಿ ೩೫೦ಕ್ಕೆ ಬಂದಿತೆನ್ನೋಣ. ಟ್ಯಾಂಕು ಕೊಳವೆಗಳೆಲ್ಲ ಸೇರಿ ೨ ಲೀಟರು ಇದ್ದರೆ, ಬಾಯಿಲನ ನಿಯಮದಂತೆ ಒಂದು ನಿಮಿಷದಲ್ಲಿ ಒಳಹೊಕ್ಕ ಹೊರಗಾಳಿ ೨ ಲೀಟರಿನ ೭೦೮ರಲ್ಲಿ ೩೦ನೆಯ ಪಾಲು, ಅಂದರೆ ಸುಮಾರು ೮೫ ಘನ ಸೆಂಟಿಮೀಟರು. ಸೆಕೆಂಡಿಗೆ ಒಂದೂವರೆ ಘನ ಸೆಂಟಿಮೀಟರಿಗೂ ಕಡಿಮೆ. ಇಷ್ಟು ಗಾಳಿಯನ್ನು ಬಿಡುವ ರಂಧ್ರದ ಅಡ್ಡಳತೆಯನ್ನು ಲೆಕ್ಕ ಹಾಕಿದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಬರುತ್ತದೆ. ದಪ್ಪ ಕೂದಲೆಳೆಯೊಂದು ತೂರುವಷ್ಟು. ರಬ್ಬರನ್ನು ಬಾಗಿಸಿದಾಗ ಮಾತ್ರ ಬಾಯಿ ಬಿಡುವ ಇಂತಹ ಬಿರುಕನ್ನು ಕಣ್ಣಿನಿಂದ ಹುಡುಕುವವನ ತಾಳ್ಮೆಯನ್ನು ಮೆಚ್ಚಬೇಕೇ ಹೊರತು ಬುದ್ಧಿಯನ್ನಲ್ಲ.

ಇಲ್ಲಿ ಕಾಲೇಜಿನ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸ್ವಾರಸ್ಯವಿದೆ. ಒಳಗಿನ ಒತ್ತಡ ಕಡಿಮೆಯಾದಷ್ಟೂ ಗಾಳಿ ಹೆಚ್ಚು ರಭಸದಿಂದ ನುಗ್ಗಬೇಕಲ್ಲವೆ? ಒಂದು ಮಿತಿಯವರೆಗೆ ಮಾತ್ರ. ಒಳಗಿನ ಒತ್ತಡ ಹೊರಗಿನದರ ಸುಮಾರು ಶೇಕಡ ೫೩ಕ್ಕಿಂತ ಕೆಳಗಿಳಿದರೆ ರಂಧ್ರದ ಅತಿ ಕಿರಿದಾದ ಜಾಗದಲ್ಲಿ ಗಾಳಿಯ ವೇಗ ಶಬ್ದದ ವೇಗವನ್ನು ಮುಟ್ಟುತ್ತದೆ. ಆಮೇಲೆ ಒಳಗೆ ಇನ್ನೆಷ್ಟು ಬರಿದು ಮಾಡಿದರೂ ಒಳಹೋಗುವ ಗಾಳಿ ಹೆಚ್ಚದು. ಶಿರಸಿಯ ಗಾಳಿಯಲ್ಲಿ ಈ ಗಡಿ ಮೀಟರಿನ ಮೇಲೆ ೩೩೦ರ ಸಮೀಪ ಬೀಳುತ್ತದೆ. ಆದುದರಿಂದ ನಿಮಿಷ ನಿಮಿಷಕ್ಕೂ ಓದು ಬರೆದುಕೊಂಡು ನಕ್ಷೆ ಎಳೆದರೆ, ಚಿಕ್ಕ ದುಂಡು ರಂಧ್ರದ ಸೋರಿಕೆ ೫೦೦ರಿಂದ ೩೩೦ರವರೆಗೆ ನೇರ ಗೆರೆಯಾಗಿ ಇಳಿದು ಅನಂತರ ಬಾಗುತ್ತದೆ. ಉದ್ದನೆಯ ಸಪೂರ ಬಿರುಕಾದರೆ ಗಾಳಿಯ ಸ್ನಿಗ್ಧತೆಯ ಪ್ರಭಾವ ಸೇರಿ ಗೆರೆ ಇಷ್ಟು ನೇರವಾಗಿರುವುದಿಲ್ಲ.

ಸೋರಿಕೆ ಇದೆ ಎಂದು ಗೊತ್ತಾಯಿತು, ಎಲ್ಲಿ? ಬೀಗವನ್ನು ಒಮ್ಮೆ ಹಾಕಿದ ಸ್ಥಿತಿಯಲ್ಲಿಟ್ಟು, ಒಮ್ಮೆ ತೆಗೆದ ಸ್ಥಿತಿಯಲ್ಲಿಟ್ಟು ಇಳಿಕೆಯನ್ನು ಅಳೆದರೆ ಅರ್ಧ ಉತ್ತರ ಸಿಕ್ಕಿದಂತೆ. ಒಂದು ಸ್ಥಿತಿಯಲ್ಲಿ ಮಾತ್ರ ಇಳಿದರೆ ಆ ಸ್ಥಿತಿಗೆ ಸೇರಿದ ಕೊಳವೆಗಳಲ್ಲಿ ಎಲ್ಲೋ ಬಿರುಕಿದೆ. ಎರಡರಲ್ಲಿಯೂ ಸಮನಾಗಿ ಇಳಿದರೆ ಎರಡಕ್ಕೂ ಸಾಮಾನ್ಯವಾದ ಟ್ಯಾಂಕಿನ ಕಡೆಯ ಜೋಡಣೆ ಕೆಟ್ಟಿರಬೇಕು, ಇಲ್ಲವೆ ಯಾವುದೋ ಪೆಟ್ಟಿಗೆಯ ಪೊರೆಯೇ ಹರಿದಿರಬೇಕು. ಪೊರೆ ಹರಿದರೆ ಎರಡು ಕೋಣೆಗಳೂ ಒಂದಾಗಿ, ಯಾವ ಕೋಣೆಯನ್ನು ಬರಿದು ಮಾಡಹೋದರೂ ಇನ್ನೊಂದರಿಂದ ಹೊರಗಾಳಿ ಬರುತ್ತದೆಯಷ್ಟೆ. ಇಷ್ಟನ್ನು ಒಂದು ಬಾಗಿಲಿನ ಹಲಗೆಯನ್ನೂ ಬಿಚ್ಚದೆ, ಸೀಟಿನಲ್ಲಿ ಕುಳಿತು ತಿಳಿಯಬಹುದು. ದಾರಿಯಲ್ಲಿ ಓಡುವಾಗ ಬೀಗ ಹಾಕಿದ್ದರೆ ಎಂಜಿನು ಸರಿಯಾಗಿ ನಿಲ್ಲುತ್ತದೆ, ಹಾಕದಿದ್ದರೆ ನಿಲ್ಲದು ಎಂದು ಕಾರಿನೊಡೆಯನು ಹೇಳಿದರೆ ಅದು ತಲೆಹರಟೆಯಲ್ಲ, ಬಹಳ ಬೆಲೆಯ ಸಾಕ್ಷ್ಯ.

ಆಮೇಲೆ ಅರೆಪಾಲು ಮಾಡುವ ಉಪಾಯ. ಪೆಟ್ಟಿಗೆಗಳು, ಜೋಡಣೆಗಳು, ಕವಾಟ, ಟ್ಯಾಂಕು ಎಲ್ಲ ಸೇರಿ ಸಂಶಯಪಡಬೇಕಾದ ಜಾಗಗಳು ಮೂವತ್ತು ಎಂದುಕೊಳ್ಳಿ. ಒಂದೊಂದಾಗಿ ನೋಡುತ್ತ ಹೋದರೆ ದುರದೃಷ್ಟವಿದ್ದಲ್ಲಿ ಮೂವತ್ತು ಸಲ ಬಿಚ್ಚಬೇಕು; ಬಿಚ್ಚಿದ ಪ್ರತಿಯೊಂದು ಹಳೆಯ ರಬ್ಬರೂ ಹೊಸ ಸೋರಿಕೆಗೆ ಆಹ್ವಾನ. ಅದರ ಬದಲು ಕೊಳವೆ ಮುಂದಿನ ಬಾಗಿಲುಗಳಿಗೂ ಹಿಂದಕ್ಕೂ ಕವಲೊಡೆಯುವ ಜಾಗದಲ್ಲಿ ಹಿಂದಿನ ಭಾಗವನ್ನು ಬಿಡಿಸಿ, ರಬ್ಬರಿನ ಬಾಯಿಗೆ ಒಂದು ನುಣುಪಾದ ಮೊಳೆಯನ್ನು ಬಿಗಿದು ಅಳೆಯಬೇಕು. ಇಳಿಕೆ ನಿಂತರೆ ದೋಷ ಹಿಂಭಾಗದ್ದು; ನಿಲ್ಲದಿದ್ದರೆ ಉಳಿದುದರದ್ದು. ದೋಷವಿರುವ ಅರ್ಧವನ್ನು ಮತ್ತೆ ಅರ್ಧ ಮಾಡಬೇಕು. ಎರಡನ್ನು ಐದು ಸಲ ಗುಣಿಸಿದರೆ ೩೨ ಆಗುವುದರಿಂದ ಮೂವತ್ತು ಜಾಗಗಳಿಗೆ ಐದೇ ಪರೀಕ್ಷೆ ಸಾಕು. ಎರಡು ಕಡೆ ಸೋರಿಕೆ ಇದ್ದರೆ ಎರಡು ಅರ್ಧಗಳೂ ಇಳಿಯುತ್ತವೆ. ಆಗ ಯಾವುದು ಬೇಗ ಇಳಿಯುವುದೋ ಅದನ್ನು ಮೊದಲು ಹಿಡಿಯುವುದು ಮೇಲು. ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆಯನ್ನು ಇಕ್ಕಳದಿಂದ ಹಿಸುಕಿ ಮುಚ್ಚಲು ಹೋಗಬಾರದು; ಅದು ಸೀಳುತ್ತದೆ.

ಕೊನೆಗೆ ಒಂದೆರಡು ಜೋಡಣೆಗಳೇ ಉಳಿದಾಗ ಗೆರಿಕೆಯ ಕಿವಿ ನೆರವಿಗೆ ಬರುತ್ತದೆ. ಒಂದು ಮೊಳದ ರಬ್ಬರು ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದು ತುದಿಯನ್ನು ಜೋಡಣೆಯ ಸುತ್ತ ಆಡಿಸಿದರೆ ಸುಯ್ಯೆನ್ನುವ ಸದ್ದು ಕೇಳಬಹುದು. ಊದುಬತ್ತಿಯ ಹೊಗೆ ದೊಡ್ಡ ಸೋರಿಕೆಯತ್ತ ಬಾಗುತ್ತದೆ, ಗಾಳಿ ನಿಶ್ಚಲವಾಗಿದ್ದರೆ ಮಾತ್ರ. ಮಳೆಗಾಲದ ಗ್ಯಾರೇಜಿನಲ್ಲಿ ಅದನ್ನು ನೆಚ್ಚುವಂತಿಲ್ಲ. ಸಾಬೂನಿನ ನೊರೆ ಹಚ್ಚುವುದು ಗ್ಯಾಸು ಸಿಲಿಂಡರಿಗೆ ಸರಿ. ಇಲ್ಲಿ ಗಾಳಿ ಒಳಕ್ಕೆ ಹೋಗುವುದರಿಂದ ಗುಳ್ಳೆ ಏಳುವುದಿಲ್ಲ, ನೊರೆಯೇ ಒಳಗೆ ಸೇರುತ್ತದೆ.

ಮುಂದೆ ಬಂದ ‘ಡಬ್ಲ್ಯು ೧೨೪’ ಮಾದರಿಯಲ್ಲಿ (೧೯೯೫ರಲ್ಲಿ ಪುಣೆಯಲ್ಲಿ ಜೋಡಣೆ ಆರಂಭವಾದುದು ಈ ಮಾದರಿಯದೇ) ಬೀಗಗಳಿಗೆ ಎಂಜಿನಿನ ಹಂಗು ತಪ್ಪಿತು. ಕಾರಿನ ಹಿಂಭಾಗದಲ್ಲಿರುವ ಒಂದು ವಿದ್ಯುತ್ ಪಂಪು ಬೀಗ ಹಾಕಲು ಗಾಳಿಯನ್ನು ಎಳೆಯುತ್ತದೆ, ತೆಗೆಯಲು ಅದೇ ಕೊಳವೆಯಲ್ಲಿ ಗಾಳಿಯನ್ನು ಒತ್ತುತ್ತದೆ. ಕೆಲಸ ಮುಗಿದೊಡನೆ, ಕೆಲವೇ ಸೆಕೆಂಡುಗಳಲ್ಲಿ, ಪಂಪು ತಾನಾಗಿ ನಿಲ್ಲಬೇಕು. ಸೋರಿಕೆಯಿದ್ದರೆ ಒತ್ತಡ ಗುರಿ ಮುಟ್ಟದೆ ಪಂಪು ಬಹಳ ಹೊತ್ತು ಗುಂಯ್ಗುಟ್ಟಿ, ಗೊತ್ತುಮಾಡಿದ ಅವಧಿ ಮುಗಿದ ಮೇಲೆ ಸೋತು ನಿಲ್ಲುತ್ತದೆ. ಅಂತಹ ಕಾರಿನಲ್ಲಿ ಮೀಟರಿಗಿಂತ ಮೊದಲು ಪಂಪಿನ ಸದ್ದಿಗೆ ಗಡಿಯಾರ ಹಿಡಿಯಬೇಕು. ಬೀಗ ತೆಗೆಯುವಾಗ ಗಾಳಿ ಹೊರಮುಖವಾಗಿರುವುದರಿಂದ ಇಲ್ಲಿ ಸಾಬೂನಿನ ನೊರೆಗೂ ಕೆಲಸವುಂಟು.

ಬೀಗ ಬೀಳದಿದ್ದರೆ ಕೈಯಿಂದ ಹಾಕಿಕೊಂಡರಾಯಿತು, ಇದಕ್ಕೇಕೆ ಇಷ್ಟು ಪಾಡು ಎಂದು ಕೇಳುವವರಿರಬಹುದು. ಬೀಗದ ಮಟ್ಟಿಗೆ ಆ ಮಾತು ಸರಿ; ತಯಾರಕರೂ ಹಾಗೆಯೇ ಯೋಚಿಸಿ, ನಿರ್ವಾತ ಕೈಕೊಟ್ಟರೆ ಬೀಗವು ಇದ್ದಲ್ಲೇ ಇರುವಂತೆಯೂ, ಕೈಯಿಂದ ಆಡುವಂತೆಯೂ ಮಾಡಿದ್ದಾರೆ. ಆದರೆ ಅದೇ ನಿರ್ವಾತದ ಮೂಲದಿಂದ ಬಲ ಪಡೆಯುವ ಬ್ರೇಕು ಹಾಗಲ್ಲ. ಕವಲಿನ ಬಾಯಿ ಕಿರಿದಾಗಿರುವುದರಿಂದ ಬೀಗದ ಸಣ್ಣ ಸೋರಿಕೆ ಬ್ರೇಕನ್ನು ಕೂಡಲೇ ಕೆಡಿಸದು. ಕೀಲಿ ತೆಗೆದರೂ ಎಂಜಿನು ನಿಲ್ಲದಷ್ಟು ನಿರ್ವಾತ ಬಡವಾಗಿದೆ ಎಂದಾದಾಗ ಮಾತ್ರ ಬ್ರೇಕಿನ ಡಬ್ಬಿಯನ್ನೂ ಪಂಪನ್ನೂ ಪರೀಕ್ಷಿಸದೆ ದೇವಿಮನೆ ಘಟ್ಟವನ್ನಾಗಲಿ, ಯಲ್ಲಾಪುರದ ಕೆಳಗಿನ ಅರಬೈಲು ಘಟ್ಟವನ್ನಾಗಲಿ ಇಳಿಯುವುದು ತರವಲ್ಲ. ಪರೀಕ್ಷೆ ಸುಲಭ, ನಿರ್ವಾತದ ಬಲವಿರುವ ಬ್ರೇಕಿನ ಎಲ್ಲ ಕಾರುಗಳಿಗೂ ಸಲ್ಲುವುದು: ಎಂಜಿನು ನಿಲ್ಲಿಸಿ ಬ್ರೇಕಿನ ಮೆಟ್ಟನ್ನು ನಾಲ್ಕೈದು ಸಲ ಒತ್ತಿ, ಅದು ಗಟ್ಟಿಯಾದ ಮೇಲೆ ಒತ್ತಿಹಿಡಿದೇ ಎಂಜಿನು ಚಾಲೂ ಮಾಡಬೇಕು. ಮೆಟ್ಟು ಕಾಲಿನ ಕೆಳಗೆ ಸ್ವಲ್ಪ ತಗ್ಗಿದರೆ ನಿರ್ವಾತ ಬ್ರೇಕಿನವರೆಗೆ ಬರುತ್ತಿದೆ. ಎಣ್ಣೆ ಉಳಿಸಲೆಂದು ಘಟ್ಟದ ಇಳಿಜಾರಿನಲ್ಲಿ ಎಂಜಿನನ್ನೇ ಆರಿಸುವವರು ಎರಡು ಮೂರು ಒತ್ತುಗಳಿಗೆ ಮಾತ್ರ ಸಾಲುವ ಕೂಡಿಟ್ಟ ನಿರ್ವಾತದ ಮೇಲೆ ಪ್ರಾಣವನ್ನಿಟ್ಟು ಇಳಿಯುತ್ತಾರೆ. ಆಮೇಲೆ ಬ್ರೇಕು ಇಲ್ಲವೆಂದಲ್ಲ. ಆದರೆ ಅದನ್ನು ಒತ್ತಲು ಕಾಲಿನ ಬಲವೊಂದೇ ಉಳಿದಿರುತ್ತದೆ.

ಸಿದ್ದಾಪುರದವರು ತಾಳಗುಪ್ಪೆಗೆ ಹೋಗಿ ಹತ್ತುತ್ತಿದ್ದ ಹಿಂದಿನ ಮೀಟರ್ ಗೇಜ್ ರೈಲುಗಳ ಕಾಲದಲ್ಲಿ ಸೋರಿಕೆಯನ್ನು ಇದಕ್ಕೆ ತೀರ ವಿರುದ್ಧವಾಗಿ ಬಳಸಿಕೊಂಡಿದ್ದರು. ನಿರ್ವಾತ ಬ್ರೇಕಿನ ರೈಲಿನಲ್ಲಿ ಉದ್ದಕ್ಕೂ ಹಾಯುವ ಕೊಳವೆಯ ನಿರ್ವಾತವು ಬ್ರೇಕುಗಳನ್ನು ಬಿಡಿಸಿ ಹಿಡಿದಿರುತ್ತದೆ. ಎಲ್ಲಾದರೂ ಗಾಳಿ ಒಳಹೊಕ್ಕರೆ, ಕೊಳವೆ ಮುರಿದರೆ, ಡಬ್ಬಿ ಕಳಚಿಕೊಂಡರೆ, ಇಲ್ಲವೆ ಪ್ರಯಾಣಿಕನೊಬ್ಬ ಸರಪಳಿ ಎಳೆದರೆ ಬ್ರೇಕು ತಾನಾಗಿ ಬೀಳುತ್ತದೆ.

ದುರಸ್ತಿಯಾದ ಮೇಲೆ ರಾತ್ರಿಯಿಡೀ ಮೀಟರನ್ನು ಜೋಡಿಸಿಟ್ಟು ಬೆಳಿಗ್ಗೆ ನೋಡುವುದುಂಟು. ಬೆಳಗಿನ ಚಳಿಯಲ್ಲಿ ಒಳಗಿನ ಗಾಳಿ ಕುಗ್ಗಿ ಮೀಟರು ನಾಲ್ಕಾರು ಮಿಲಿಮೀಟರು ಏರಿರಬಹುದು, ಬೆಚ್ಚಿ ಬೀಳಬೇಕಾಗಿಲ್ಲ. ಘಟ್ಟದ ಮೇಲಿನವರು ಲೆಕ್ಕಕ್ಕೆ ಹಿಡಿಯಬೇಕಾದುದು ಇನ್ನೊಂದಿದೆ. ಕುಮಟೆಯಲ್ಲಿ ಟ್ಯಾಂಕನ್ನು ೫೦೦ಕ್ಕೆ ತಂದು ಮುಚ್ಚಿ, ಮೀಟರಿನೊಡನೆ ಶಿರಸಿಗೆ ತಂದರೆ ಮೀಟರು ೪೪೮ ತೋರಿಸುತ್ತದೆ. ಒಂದು ಕಣವೂ ಗಾಳಿ ಒಳಹೊಕ್ಕಿಲ್ಲ. ಹೊರಗಿನ ಒತ್ತಡವೇ ೫೨ ಮಿಲಿಮೀಟರು ಕಡಿಮೆಯಾಗಿದೆ. ಅದೇ ಟ್ಯಾಂಕನ್ನು ಮತ್ತೆ ಕೆಳಗೆ ಒಯ್ದರೆ ಮುಳ್ಳು ಪುನಃ ೫೦೦ಕ್ಕೆ ಬಂದು ನಿಲ್ಲುತ್ತದೆ.